ಬಾಸಿಂಗಿ ನನ್ನ ಕರೆಗೆ ಎದ್ದು ಬರಬಾರದು

ಮಲಪ್ರಭೆಯ ಬಲದಂಡೆ, ಕೊಯ್ಮನೆ
ಇಸವಿ 2231, ಎರಡನೆಯ ಉರಿಗಾಲದ ಹತ್ತೊಂಬತ್ತನೆಯ ದಿನ

ಈ ಚೀಲಕ್ಕೆ ಗಂಟು ಹಾಕಿದವರಿಗೆ,

ನೀವು ಯಾರೋ ನನಗೆ ಗೊತ್ತಿಲ್ಲ. ಗಂಡೋ ಹೆಣ್ಣೋ ಅದೂ ಗೊತ್ತಿಲ್ಲ. ಮೇಲೆ ಬರೆದ ದಿನವನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಿಮ್ಮ ಕಾಲದಲ್ಲಿ ವರ್ಷಕ್ಕೆ ಒಂದೇ ಬೇಸಿಗೆ ಇತ್ತೆಂದು ಶಾಲೆಯಲ್ಲಿ ಕಲಿತಿದ್ದೇನೆ. ನಮಗೆ ಎರಡು ಬರುತ್ತವೆ, ಅವನ್ನು ಉರಿಗಾಲ ಎನ್ನುತ್ತೇವೆ, ದಿನಗಳನ್ನು ಅವುಗಳ ಮೇಲೆಯೇ ಎಣಿಸುತ್ತೇವೆ. ಹೀಗೆ ನಿಮಗೆ ತಿಳಿಯದ ಮಾತು ಬಂದಲ್ಲೆಲ್ಲ ಅರ್ಥ ಹೇಳುತ್ತ ಹೋಗುತ್ತೇನೆ. ಆದರೂ ಎಲ್ಲಾದರೂ ತೊಡಕಾದರೆ ಕ್ಷಮಿಸಿ, ನಾನು ಹತ್ತನೆಯ ಇಯತ್ತೆಯವರೆಗೆ ಮಾತ್ರ ಓದಿದವಳು. ಕ್ಷಮೆ ಕೇಳುವುದು ನನಗೆ ರೂಢಿಯಿಲ್ಲ. ಇದೊಂದು ಸಲ ಕೇಳಿದ್ದೇನೆ.

ನನ್ನ ಹೆಸರು ಜಕ್ಕವ್ವ. ವಯಸ್ಸು ಎಪ್ಪತ್ತೊಂದು. ಮುನ್ನೂರ ಇಪ್ಪತ್ತು ಕುರಿಗಳ ಹಿಂಡಗಿತ್ತಿ. ಹಿಂಡಿನ ವಿಷಯದಲ್ಲಿ ಕೊನೆಯ ಮಾತು ಯಾರದೋ ಅವಳು ಹಿಂಡಗಿತ್ತಿ. ಅತ್ತೆಯಿಂದ ನನಗೆ ಬಂದು ಮೂವತ್ತೆಂಟು ವರ್ಷವಾಯಿತು. ನಿನ್ನೆ ಬೆಳಿಗ್ಗೆ ಡಾಕ್ಟರ್ ಹುಸೇನಬಿ ನಮ್ಮ ಬಾಸಿಂಗಿಯ ಎಡಪಕ್ಕೆ ಕೊಯ್ದು, ಮೇವು ತುಂಬಿಕೊಳ್ಳುವ ದೊಡ್ಡ ಹೊಟ್ಟೆಯೊಳಗೆ ಮೊಳಕೈವರೆಗೆ ಕೈ ಹಾಕಿ, ಮೂರು ಬೊಗಸೆ ಪ್ಲಾಸ್ಟಿಕ್ ಹೊರತೆಗೆದರು. ನಿಮ್ಮ ಕಾಲದ ಯಾವುದೋ ಊರಿನ ಕಸದ ಗುಡ್ಡ ನೆರೆಯಲ್ಲಿ ಕೊಚ್ಚಿಕೊಂಡು ಬಂದು ಈ ದಂಡೆಯ ತುಂಬ ಹರಡಿದೆ. ಹುಲ್ಲಿನ ಬೇರು ಅದನ್ನು ಸುತ್ತಿಕೊಂಡೇ ಬೆಳೆಯುತ್ತದೆ, ಕುರಿ ಹುಲ್ಲು ಕಿತ್ತರೆ ಅದೂ ಬರುತ್ತದೆ. ತೆಗೆದದ್ದರಲ್ಲಿ ಒಂದು ಚೀಲ ಇಡಿಯಾಗಿಯೇ ಇತ್ತು. ಎರಡು ಕಿವಿ ಸೇರಿಸಿ ಹಾಕಿದ ಗಂಟು ಬಿಚ್ಚಿರಲಿಲ್ಲ. ಬಣ್ಣ ಹೋಗಿದ್ದರೂ ಕೆಳಗೆ ಅಂಗಡಿಯವರು ಅಚ್ಚು ಹಾಕಿಸಿದ್ದ ಎರಡು ಮಾತು ಓದಲು ಬರುತ್ತಿತ್ತು: ಮತ್ತೆ ಬನ್ನಿ. ಬಂದಿದೆ.

ಸಿಟ್ಟಿನಿಂದ ಬರೆಯುತ್ತಿಲ್ಲ. ಚೀಲ ಎಸೆಯಬೇಡಿ ಎಂದು ಬುದ್ಧಿ ಹೇಳುವುದಕ್ಕೂ ಅಲ್ಲ. ನೀವು ಎಸೆದಾಗಿದೆ, ಅದು ನನ್ನ ಎದುರಿಗೇ ಒಣಗುತ್ತಿದೆ. ಬರೆಯುತ್ತಿರುವುದು ಬಾಯಿ ಮುಚ್ಚಿಕೊಂಡಿರಲಿಕ್ಕೆ. ಕೊಯ್ಮನೆ ಎಂದರೆ ಕುರಿಗಳನ್ನು ಕೊಯ್ದು ಹೊಲಿಯುವ ಮನೆ. ಅದರ ಹಿಂದಿನ ದೊಡ್ಡಿಯ ಒಂದು ಬದಿಗೆ ಜೇಕು ಹುಲ್ಲಿನ ತಟ್ಟಿ ಕಟ್ಟಿ, ಅದರಲ್ಲಿ ಕಣ್ಣಿನಷ್ಟು ಕಿಂಡಿ ಬಿಟ್ಟಿದ್ದಾರೆ. ಕಿಂಡಿಯ ಹಿಂದೆ ಒಂದು ಮಣೆ. ಆ ಮಣೆಯ ಮೇಲೆ ಕೂತವರು ಮಾತಾಡಬಾರದು, ಹಾಡಬಾರದು, ಬಳೆ ಸದ್ದು ಮಾಡಬಾರದು. ಗಾಳಿ ನನ್ನ ಕಡೆಯಿಂದ ಕುರಿಯ ಕಡೆಗೆ ಬೀಸಿದರೆ ಮಣೆಯನ್ನು ಆಚೆ ಬದಿಗೆ ಒಯ್ಯಬೇಕು, ಏಕೆಂದರೆ ವಾಸನೆಯಿಂದಲೂ ಅವಳಿಗೆ ಗೊತ್ತಾಗುತ್ತದೆ. ಸುಮ್ಮನೆ ಕೂರಲು ನನ್ನಿಂದಾಗದು ಎಂದು ಡಾಕ್ಟರ್ ಈ ನೋಟುಪುಸ್ತಕ ಕೊಟ್ಟು, ಯಾರಿಗಾದರೂ ಕಾಗದ ಬರೆಯುತ್ತಿರಿ ಎಂದರು. ನನಗೆ ಗೊತ್ತಿರುವವರೆಲ್ಲ ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಇದ್ದಾರೆ. ಕೂಗಿದರೂ ಕೇಳಿಸದವರು ನೀವೊಬ್ಬರು ಸಿಕ್ಕಿರಿ.

ಅರ್ಧ ಗಂಟೆಗೊಮ್ಮೆ ನೋಡಿ ಗುರುತು ಹಾಕಬೇಕು. ಈಗ ಹೊತ್ತಾಯಿತು.

ನೋಡಿದೆ. ಬಾಸಿಂಗಿ ಮೂಲೆಗೆ ಮುಖ ಮಾಡಿ ನಿಂತಿದ್ದಾಳೆ. ಹೆಸರಿಟ್ಟ ಕುರಿಗೆ ನಾವು ಅದು ಇದು ಎನ್ನುವುದಿಲ್ಲ. ಹಣೆಯ ಮೇಲೆ ಬಾಸಿಂಗ ಕಟ್ಟಿದ ಹಾಗೆ ಬಿಳಿ ಪಟ್ಟಿ ಇರುವುದರಿಂದ ಅವಳಿಗೆ ಆ ಹೆಸರು. ಅವಳು ನಮ್ಮ ಮುಂಗುರಿ, ಹಿಂಡಿಗೆ ಮುಂದಾಗಿ ನಡೆಯುವವಳು. ಇನ್ನು ಎರಡು ದಿನಕ್ಕೆ, ಇಪ್ಪತ್ತೊಂದರ ಬೆಳಿಗ್ಗೆ, ಹಿಂಡು ಇಲ್ಲಿಂದ ಹೊರಡಲೇಬೇಕು. ಬಾಸಿಂಗಿ ಹೊರಡಬೇಕೋ ಉಳಿಯಬೇಕೋ ಎಂದು ಬರೆದು ಸಹಿ ಮಾಡಬೇಕಾದವಳು ನಾನು. ಎರಡು ವರ್ಷದ ಹಿಂದೆ ಇವಳ ತಾಯಿಯ ವಿಷಯದಲ್ಲಿ ತಪ್ಪು ಸಹಿ ಮಾಡಿದ್ದೇನೆ. ಅದನ್ನು ಇವತ್ತಿನವರೆಗೆ ನಾನು ಯಾರ ಮುಂದೂ ತಪ್ಪು ಎಂದು ಹೇಳಿಲ್ಲ.

ಮೊದಲು ನಮ್ಮ ನಡೆಯ ವಿಷಯ ಹೇಳಬೇಕು, ಇಲ್ಲದಿದ್ದರೆ ನಿಮಗೆ ತಿಳಿಯುವುದಿಲ್ಲ. ಎರಡನೆಯ ಉರಿಗಾಲದ ಇಪ್ಪತ್ತು ದಿನ ದಾಟಿದರೆ ಈ ದಂಡೆಯಲ್ಲಿ ಹುಲ್ಲು ಕರಕಾಗುತ್ತದೆ. ಕುಡಿಯುವ ನೀರು ಕೊಯ್ಮನೆಯ ತೊಟ್ಟಿಯಲ್ಲಿ ನಾಲ್ಕೈದು ಜೀವಕ್ಕೆ ಸಾಕಾಗುವಷ್ಟು ಮಾತ್ರ ಉಳಿಯುತ್ತದೆ. ಹಿಂಡು ಮೂರು ದಿನ ನಡೆದು ಕಲ್ಲುಗುಡ್ಡದ ಮೇಲಿನ ಹುಲ್ಲುಗಾವಲಿಗೆ ಹೋಗುತ್ತದೆ. ದಾರಿಯ ಮುಕ್ಕಾಲು ಭಾಗ ಬಿಸಿಲುಹಲಗೆಗಳ, ಅಂದರೆ ಬಿಸಿಲಿನಿಂದ ವಿದ್ಯುತ್ತು ತೆಗೆಯುವ ಹಲಗೆಗಳ ಕೆಳಗೆ. ನಿಮ್ಮ ಕಾಲದಲ್ಲಿ ಮನೆಯ ಮಾಳಿಗೆಯ ಮೇಲೆ ಒಂದೋ ಎರಡೋ ಇಡುತ್ತಿದ್ದರಂತೆ. ಈಗ ಎರಡು ಆಳೆತ್ತರದ ಕಂಬಗಳ ಮೇಲೆ ಹರದಾರಿಗಟ್ಟಲೆ ಹಾಸಿದ್ದಾರೆ. ಕೆಳಗೆ ನೆರಳು ಒಂದು ಪಟ್ಟಿ, ಬಿಸಿಲು ಒಂದು ಪಟ್ಟಿ. ಕುರಿಗೆ ಆ ಗೆರೆ ದಾಟಲು ಹೆದರಿಕೆ, ಹಳ್ಳ ಕಂಡ ಹಾಗೆ ನಿಂತುಬಿಡುತ್ತದೆ. ಹೆದರದ ಒಂದು ಕುರಿ ಮುಂದೆ ದಾಟಿದರೆ ಉಳಿದವು ಹಿಂದೆ ದಾಟುತ್ತವೆ. ಅಂಥದೊಂದು ಹುಟ್ಟುವುದು ಅಪರೂಪ. ಕಾಡಿಗಿ ಅಂಥವಳು, ಅವಳ ಮಗಳು ಈ ಬಾಸಿಂಗಿ.

ಕುರಿಗೆ ಇಷ್ಟೆಲ್ಲ ಏಕೆ, ಕೊಯ್ದು ಹೊಲಿಯುವ ಬದಲು ಕೊಯ್ದು ತಿನ್ನಬಾರದೇ ಎಂದು ನಿಮಗೆ ಅನ್ನಿಸಬಹುದು. ನಮ್ಮಲ್ಲಿ ಊರುಗಳು ಬದುಕಿರುವುದು ಉಣ್ಣೆಯಿಂದ. ಮನೆಗಳ ಪಡುವಣ ಗೋಡೆಗೆಲ್ಲ ತೋಯ್ಗಂಬಳಿ ಇಳಿಬಿಡುತ್ತಾರೆ. ಮೇಲಿನ ಕೊಳವೆಯಿಂದ ನೀರು ಜಿನುಗಿ ಕಂಬಳಿ ಸದಾ ಒದ್ದೆಯಾಗಿರುತ್ತದೆ, ಒಳಗೆ ಹಸುಗೂಸು ಮಲಗುವಷ್ಟು ತಂಪಿರುತ್ತದೆ. ನಾರಿನ ಬಟ್ಟೆ ಒಂದು ಉರಿಗಾಲಕ್ಕೆ ಪುಡಿಯಾಗುತ್ತದೆ, ನಮ್ಮ ಕರಿಕುರಿಯ ಉಣ್ಣೆ ಏಳು ತಾಳುತ್ತದೆ. ಹಾಗಾಗಿ ಒಂದು ಕುರಿಯನ್ನು ಹತ್ತು ಹನ್ನೆರಡು ವರ್ಷ ಸಾಕುತ್ತೇವೆ. ಅಷ್ಟು ವರ್ಷ ಈ ನೆಲದಲ್ಲಿ ಮೇಯ್ದ ಮೇಲೆ ಒಂದು ಸಲವಾದರೂ ಹೊಟ್ಟೆ ತೆರೆಯದೆ ಗತಿಯಿಲ್ಲ.

ಕೊಯ್ದ ಮೇಲೆ ಹಾಕುವುದು ಅಂಟುಹೊಲಿಗೆ, ದಾರವಿಲ್ಲದ್ದು. ಮೂರನೆಯ ದಿನಕ್ಕೆ ನಡೆಯುವಷ್ಟು ಗಟ್ಟಿಯಾಗುತ್ತದೆ. ಆದರೆ ಹೊರಗೆ ಗಟ್ಟಿಯಾಗಿ ಒಳಗೆ ಬಿಟ್ಟುಕೊಂಡಿರಬಹುದು. ಕಣ್ಣಿಗೆ ಕಾಣುವುದಿಲ್ಲ, ನೋವೇ ಹೇಳಬೇಕು. ಕುರಿ ನೋವನ್ನು ಹೇಳುವ ಪ್ರಾಣಿಯಲ್ಲ. ನಾಯಿ ಕುಂಯ್‌ಗುಡುತ್ತದೆ, ಮನುಷ್ಯ ಊರಿಗೆಲ್ಲ ಕೇಳುವಂತೆ ಅರಚುತ್ತಾನೆ. ಕುರಿ ಅರಚಿದರೆ ತೋಳ ಬರುತ್ತದೆ. ತೋಳವೇ ಇಲ್ಲದ ನೂರು ವರ್ಷದ ಮೇಲೂ ಅದು ಕುರಿಯ ಮೈಯಿಂದ ಹೋಗಿಲ್ಲ. ಕಿವಿಗೆ ಸಿಕ್ಕಿಸುವ ಒಂದು ಯಂತ್ರ ನಮ್ಮಲ್ಲೂ ಬಂದಿತ್ತು. ಅದು ಹೆದರಿಕೆಗೂ ನೋವಿಗೂ ಒಂದೇ ದೀಪ ಹಚ್ಚುತ್ತಿತ್ತು, ಮೂಲೆಗೆ ಎಸೆದೆವು. ನಮಗೆ ನಮ್ಮದೇ ಪದ್ಧತಿಯಿತ್ತು.

ಆ ಪದ್ಧತಿಯ ಹೆಸರು ಕರೆನೋಟ. ಪ್ರತಿ ಹಿಂಡಗಿತ್ತಿಗೂ ಒಂದು ಕರೆ ಇರುತ್ತದೆ, ನಾಲಿಗೆ ಅಂಗುಳಕ್ಕೆ ಹೊಡೆದು ತೆಗೆಯುವ ಸದ್ದು. ಒಬ್ಬಳ ಕರೆಯಂತೆ ಇನ್ನೊಬ್ಬಳದು ಇರುವುದಿಲ್ಲ. ಕೊಯ್ದ ಮೂರನೆಯ ದಿನ ಹಿಂಡಗಿತ್ತಿ ದೊಡ್ಡಿಯ ಬಾಗಿಲಲ್ಲಿ ನಿಂತು ಕರೆಯುತ್ತಾಳೆ. ಕುರಿ ಎದ್ದು ಬಂದರೆ ಗುಣವಾಯಿತು. ನೋವಿಳಿಕೆ, ಅಂದರೆ ನೋವು ತಗ್ಗಿಸುವ ಸೂಜಿಮದ್ದು, ಅಂದಿಗೆ ನಿಲ್ಲುತ್ತದೆ. ಮೂವತ್ತಾರು ವರ್ಷ ಕರೆದಿದ್ದೇನೆ. ನನ್ನ ಕರೆಗೆ ಏಳದ ಕುರಿ ಒಂದೂ ಇರಲಿಲ್ಲ. ಬೇರೆ ಹಿಂಡಿನಲ್ಲಿ ಐದಕ್ಕೆ ಎರಡು ಮಲಗೇ ಇರುತ್ತಿದ್ದವು. ನಮ್ಮವು ಗಟ್ಟಿ ಎಂದು ಊರೆಲ್ಲ ಹೇಳಿತು, ನಾನೂ ಹೇಳಿದೆ.

ಎರಡು ವರ್ಷದ ಹಿಂದೆ, ಹೊಟ್ಟೆ ಕೊಯ್ದ ಮೂರನೆಯ ದಿನ, ಕಾಡಿಗಿಯೂ ಎದ್ದು ಬಂದಳು. ತಲೆ ಎತ್ತಿಕೊಂಡು, ಕಿವಿ ಮುಂದೆ ಚಾಚಿಕೊಂಡು, ನೆಟ್ಟಗೆ ನನ್ನ ಸೆರಗಿನವರೆಗೆ ಬಂದು ನಿಂತಳು. ನನ್ನ ಸೊಸೆ ಲಗಮವ್ವ ಹಿಂದಿನ ದಿನ ಹುಲ್ಲಿನ ಬಣವೆಯ ಮರೆಯಲ್ಲಿ ಜೋಳಿಗೆ ಹೊಲಿಯುತ್ತ ಕೂತಿದ್ದವಳು, ಬೇಕೆಂದು ಅಲ್ಲ, ಅಕಸ್ಮಾತ್ತಾಗಿ ಆ ಕುರಿಯನ್ನು ಬಹಳ ಹೊತ್ತು ನೋಡಿದ್ದಳಂತೆ. ಅವಳು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಅಂದಳು:

"ಅತ್ತಿ, ಅಕಿ ಬಂದದ್ದು ನೀವು ಕರದ್ರಿ ಅಂತ. ಆರಾಮ ಆಗೇತಿ ಅಂತಲ್ಲ."

ಹತ್ತು ಜನ ನಿಂತಿದ್ದರು. ನಾನು ಅವಳ ಕಡೆ ತಿರುಗಲೂ ಇಲ್ಲ.

"ನಮ್ಮ ಹಿಂಡಿನ ಕುರಿ ನರಳೂದಿಲ್ಲವ್ವಾ. ನಿನ್ನ ತವರಮನಿ ಕುರಿ ನರಳ್ತಿರಬೇಕು."

ಜನ ನಕ್ಕರು. ಲಗಮವ್ವನ ತವರಿನವರು ಹೆಚ್ಚು ಮೇಕೆ ಸಾಕಿದವರು, ನಮ್ಮಲ್ಲಿ ಅದು ಸ್ವಲ್ಪ ಕೆಳಗಿನ ಮಾತು. ಅವಳೂ ನಕ್ಕಹಾಗೆ ಮಾಡಿ ಜೋಳಿಗೆ ಎತ್ತಿಕೊಂಡು ಒಳಗೆ ಹೋದಳು. ನಾನು ಹೊರಡಲಿ ಎಂದು ಸಹಿ ಮಾಡಿದೆ.

ಎರಡನೆಯ ದಿನದ ಮಧ್ಯಾಹ್ನದವರೆಗೆ ಕಾಡಿಗಿ ಹಿಂಡನ್ನು ನಡೆಸಿದಳು. ಒಂದು ನೆರಳಿನ ಗೆರೆಯಲ್ಲೂ ತಡವರಿಸಲಿಲ್ಲ. ತಂಗುವ ಜಾಗ ಬಂದಾಗ ಉಳಿದವು ನೀರಿಗೆ ನುಗ್ಗಿದವು, ಅವಳು ಹೋಗಲಿಲ್ಲ. ಒಂದು ಬಂಡೆಗೆ ಮುಖ ಮಾಡಿ, ಹಿಂಗಾಲನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡು ನಿಂತಳು. ಹಲ್ಲು ಕಡಿಯುವ ಸದ್ದು ನನಗೆ ಕೇಳಿಸಿತು. ಆಗಲೂ ನನಗೆ ತಿಳಿದದ್ದು ಒಂದೇ ಉಪಾಯ. ಕರೆದೆ. ಅವಳು ತಿರುಗಿದಳು, ಕಿವಿ ಮುಂದೆ ಮಾಡಿದಳು, ಬಂದಳು. ಹತ್ತು ಹೆಜ್ಜೆ. ನನ್ನ ಕಾಲಿನ ಹತ್ತಿರ ಮೊಣಕಾಲೂರಿ ಕುಸಿದಳು, ಮತ್ತೆ ಏಳಲಿಲ್ಲ. ಡಾಕ್ಟರ್ ಆಮೇಲೆ ತೆರೆದು ನೋಡಿ, ಒಳಹೊಲಿಗೆ ಹೊರಡುವ ಮೊದಲೇ ಬಿಟ್ಟಿತ್ತು ಎಂದರು. ಮೂರು ದಿನದಿಂದ ಹೊಟ್ಟೆಯ ತುಂಬ ಬೆಂಕಿ ಇಟ್ಟುಕೊಂಡು ನಡೆದಿದ್ದಳು.

ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಲಗಮವ್ವನೂ ಅನ್ನಲಿಲ್ಲ. ಆ ನಡೆ ಮುಗಿಸಿ ಬಂದವಳೇ ಡಾಕ್ಟರ್ ಹತ್ತಿರ ಹೋಗಿ ಆರು ತಿಂಗಳು ಕುರಿಯ ಮುಖ ನೋಡುವುದನ್ನು ಕಲಿತಳು. ಸೊಸೆ ಕುರಿಗೆ ಜಾತಕ ಹೇಳುವುದನ್ನು ಕಲಿಯುತ್ತಿದ್ದಾಳೆ ಎಂದು ನಾನೇ ಮನೆಮನೆಗೆ ಹೇಳಿಕೊಂಡು ನಕ್ಕೆ. ಈ ತಟ್ಟಿ, ಈ ಕಿಂಡಿ, ಎಲ್ಲ ಅವಳು ಕಟ್ಟಿಸಿದ್ದು. ಈ ಸಲ ಬಾಸಿಂಗಿಯನ್ನು ಕೊಯ್ಯುವ ಮೊದಲು ಡಾಕ್ಟರನ್ನು ಕರೆದುಕೊಂಡು ಬಂದು ಇಬ್ಬರೂ ನನ್ನ ಮುಂದೆ ಕೂತರು. ಹಿಂಡಗಿತ್ತಿ ನೀವೇ, ಸಹಿ ನಿಮ್ಮದೇ, ಆದರೆ ಕರೆದು ನೋಡುವುದು ಬೇಡ, ಮರೆಯಲ್ಲಿ ಕೂತು ನೋಡಿ ಎಂದರು. ಆಗದು ಎಂದೆ. ನನಗೆ ಮಂಡಿನೋವು, ಗಂಟೆಗಟ್ಟಲೆ ಮಣೆಯ ಮೇಲೆ ಕೂರಲಾಗದು ಎಂದೆ. ಹೋದ ವರ್ಷ ಇದೇ ಮಂಡಿಯನ್ನು ಕೊಯ್ದಾಗ ನೋವೇ ಇಲ್ಲ ಎಂದು ಮದ್ದು ತಿರಸ್ಕರಿಸಿದವರು ಯಾರು ಎಂದು ಲಗಮವ್ವ ನೆಲ ನೋಡುತ್ತ ಕೇಳಿದಳು. ಡಾಕ್ಟರ್ ನಕ್ಕರು.

"ನಿಮ್ಮ ಕಿವಿ ಹಿಂದ ಹೋಗಂಗಿಲ್ರಿ ಜಕ್ಕವ್ವ. ಅದಕ್ಕ ನಿಮ್ಮನ್ನ ನೋಡೂದು ಕುರಿಗಿಂತ ಕಷ್ಟ."

ಹೀಗೆ ನಾನು ಇಲ್ಲಿ ಕೂತಿರುವುದು.

ಡಾಕ್ಟರ್ ಒಂದು ಹಾಳೆ ಕೊಟ್ಟಿದ್ದಾರೆ. ಮೊದಲು ಕಿವಿ ನೋಡಬೇಕು. ನೆಮ್ಮದಿಯ ಕುರಿಯ ಕಿವಿ ಮುಂದಕ್ಕೋ ಅಡ್ಡಕ್ಕೋ ಇರುತ್ತದೆ, ಎದುರಿನಿಂದ ಕಿವಿಯ ಒಳಗಿನ ಕೆಂಪು ಕಾಣುತ್ತದೆ. ನೋವಿನ ಕುರಿಯ ಕಿವಿ ಹಿಂದಕ್ಕೆ ತಿರುಗಿ ಜೋತುಬೀಳುತ್ತದೆ, ಕೆಂಪು ಕಾಣದು. ಆಮೇಲೆ ಕಣ್ಣು, ಅರ್ಧ ಮುಚ್ಚಿದೆಯೇ ಎಂದು. ನಿದ್ದೆಯ ಕಣ್ಣು ಸಡಿಲವಾಗಿ ಮುಚ್ಚಿರುತ್ತದೆ, ನೋವಿನದು ಸುತ್ತಲಿನ ಚರ್ಮವನ್ನು ಬಿಗಿಮಾಡಿ ಮುಚ್ಚಿರುತ್ತದೆ, ಆ ವ್ಯತ್ಯಾಸ ಹಿಡಿಯಲು ನನಗೆ ಅರ್ಧ ದಿನ ಹಿಡಿಯಿತು. ಕೆನ್ನೆ ಒಳಗೆ ಸೇದಿಕೊಂಡ ಹಾಗೆ ಚಪ್ಪಟೆಯಾಗುತ್ತದೆ. ಮೂಗಿನ ಹೊಳ್ಳೆಗಳು ದುಂಡಗಿರುವ ಬದಲು ಮೇಲಿನಿಂದ ಕೆಳಗೆ ಚೂಪಾಗಿ ಇಳಿಯುತ್ತವೆ. ತುಟಿ ಬಿಗಿದು ಗದ್ದ ಒಳಗೆ ಹೋಗುತ್ತದೆ. ಒಂದೊಂದಕ್ಕೂ ಇಲ್ಲದಿದ್ದರೆ ಸೊನ್ನೆ, ಸ್ವಲ್ಪ ಇದ್ದರೆ ಒಂದು, ಚೆನ್ನಾಗಿ ಕಂಡರೆ ಎರಡು. ಮೊತ್ತ ಮೂರು ದಾಟಿದರೆ ನೋವಿಳಿಕೆ ಕೊಡಬೇಕು, ನಡೆಸಬಾರದು. ಮುಖ ಮುಗಿದ ಮೇಲೆ ಮೈ: ಬೆನ್ನು ಬಾಗಿದೆಯೇ, ಕೊಯ್ದ ಬದಿಗೆ ಮಲಗಲು ಹಿಂಜರಿಯುತ್ತಾಳೆಯೇ, ಮಲಗಿ ಎದ್ದು ಮಲಗಿ ಎದ್ದು ಮಾಡುತ್ತಾಳೆಯೇ, ಮೆಲುಕು ಹಾಕುತ್ತಾಳೆಯೇ. ಒಂಟಿ ಕುರಿ ನೋವಿಲ್ಲದಿದ್ದರೂ ಕಂಗಾಲಾಗುತ್ತದೆ. ಆ ಕಳವಳವನ್ನು ನೋವೆಂದು ತಪ್ಪು ಬರೆಯಬಾರದು ಎಂದು ಜೊತೆಗೆ ಒಂದು ಮುದಿ ಕುರಿಯನ್ನು ಬಿಟ್ಟಿದ್ದಾರೆ.

ಇವತ್ತು ಬೆಳಗಿನಿಂದ ಮದ್ದು ಇಳಿಯುವ ಹೊತ್ತಿಗೆಲ್ಲ ಬಾಸಿಂಗಿಯ ಮೊತ್ತ ಏಳು. ನಾನು ನಂಬಲಿಲ್ಲ. ಇದು ನನ್ನ ಬಾಸಿಂಗಿಯ ಮುಖವೇ ಅಲ್ಲ ಎನ್ನಿಸಿತು. ನಾಲ್ಕು ವರ್ಷ ದಿನವೂ ನೋಡಿದ ಮುಖ. ಇಂಥ ಸಣ್ಣ ಕಣ್ಣು, ಇಂಥ ಚೂಪು ಮೂಗು ನಾನು ಅವಳಲ್ಲಿ ಕಂಡೇ ಇರಲಿಲ್ಲ. ಕಿಂಡಿಯ ತಪ್ಪೋ ಬೆಳಕಿನ ತಪ್ಪೋ ಎಂದು ಮೂರು ಸಲ ಜಾಗ ಬದಲಿಸಿದೆ.

ಇದಿಷ್ಟು ಬರೆದು ಎದ್ದು ಕೂತು ಮಾಡುತ್ತಿದ್ದಾಗ, ಈಗ ಸ್ವಲ್ಪ ಹೊತ್ತಿನ ಕೆಳಗೆ, ಜೇಕಿನ ಧೂಳು ಗಂಟಲಿಗೆ ಹೋಗಿ ಕೆಮ್ಮು ಬಂತು. ಸೆರಗು ಬಾಯಿಗೆ ತುರುಕಿಕೊಂಡೆ, ತಡೆಯಲಾಗಲಿಲ್ಲ. ಒಂದೇ ಕೆಮ್ಮು. ಹೆದರಿ ಕಿಂಡಿಗೆ ಕಣ್ಣಿಟ್ಟೆ. ಬಾಸಿಂಗಿಯ ಕಿವಿ ಆಗಲೇ ಮುಂದೆ ಬಂದಿತ್ತು. ಕಣ್ಣು ಅಗಲವಾಯಿತು. ಕೆನ್ನೆ ತುಂಬಿಕೊಂಡಿತು, ಮೂಗು ದುಂಡಗಾಯಿತು. ಮೂಲೆ ಬಿಟ್ಟು ತಿರುಗಿ, ತಲೆ ಎತ್ತಿ, ನಾಲ್ಕು ಕಾಲೂ ನೆಟ್ಟಗೆ ಊರಿ ನಿಂತಳು. ಇವಳೇ ನನ್ನ ಬಾಸಿಂಗಿ. ಆ ಗಳಿಗೆಯಲ್ಲಿ ನೋಡಿದ್ದರೆ ನಾನು ಒಂದು ಎಂದು ಬರೆಯುತ್ತಿದ್ದೆ. ನಾನು ಉಸಿರು ಬಿಗಿಹಿಡಿದು ಕೂತೆ. ಇನ್ನೊಂದು ಸದ್ದು ಬರಲಿಲ್ಲ. ಅವಳು ಕಾದಳು. ಆಮೇಲೆ ಕಿವಿ ಒಂದೊಂದಾಗಿ ಹಿಂದಕ್ಕೆ ಬಿದ್ದವು, ಕಣ್ಣು ಸಣ್ಣದಾಯಿತು, ಮತ್ತೆ ಮೂಲೆಗೆ ತಿರುಗಿದಳು. ಏಳು.

ಐವತ್ತು ವರ್ಷ ಕುರಿಯ ಜೊತೆ ಬಾಳಿದ್ದೇನೆ. ಅಷ್ಟೂ ವರ್ಷ ನಾನು ನೋಡಿದ್ದು ನನಗಾಗಿ ಹಾಕಿಕೊಂಡ ಮುಖವನ್ನು. ಇನ್ನೊಂದು ಮುಖ ನಾನು ಬೆನ್ನು ತಿರುಗಿಸಿದ ಮೇಲೆ ಬರುತ್ತಿತ್ತು, ಅದನ್ನು ಸೊಸೆ ನೋಡಿದ್ದಳು. ಬೇರೆ ಹಿಂಡಿನಲ್ಲಿ ಮಲಗೇ ಇರುತ್ತಿದ್ದ ಕುರಿಗಳ ನೋವನ್ನು ಜನ ಕಂಡರು, ಮದ್ದು ಕೊಟ್ಟರು, ಅವು ಬದುಕಿದವು. ನಮ್ಮ ಕುರಿಗಳು ಗಟ್ಟಿಯೇನಲ್ಲ. ನನ್ನ ಕರೆಗೆ ಅವು ಇಲ್ಲ ಎನ್ನುತ್ತಿರಲಿಲ್ಲ, ಅಷ್ಟೇ. ಮೂವತ್ತಾರು ವರ್ಷದಲ್ಲಿ ಎಷ್ಟು ಕುರಿಗಳು ನಡೆಯಲ್ಲಿ ಸತ್ತಿವೆ, ಸೆಕೆ ಎಂದು ಮಣ್ಣು ಮಾಡಿದ್ದೇವೆ. ಯೋಚಿಸಿದರೆ ಮಣೆಯ ಮೇಲೆ ಕೂರಲಾಗುವುದಿಲ್ಲ. ನಾನು ಬಾಗಿಲು ದಾಟಿ ಒಳಗೆ ಬಂದ ಕೂಡಲೇ ಮನೆಯಲ್ಲಿ ಎಲ್ಲರೂ ಎದ್ದು ಕೂರುತ್ತಾರೆ. ಅದನ್ನೂ ನಾನು ಆರೋಗ್ಯ ಎಂದೇ ತಿಳಿದಿದ್ದೆ. ಈ ವಿಷಯ ಇಲ್ಲಿಗೆ ಬಿಡುತ್ತೇನೆ.

ಇಪ್ಪತ್ತನೆಯ ದಿನ

ನಿನ್ನೆ ಕತ್ತಲಾದ ಮೇಲೆ ಲಗಮವ್ವ ಕೂತಿದ್ದಳು, ಬೆಳಗಿನಿಂದ ನಾನು. ನೋವಿಳಿಕೆ ಕೊಟ್ಟ ಒಂದು ಗಂಟೆಗೆ ಬಾಸಿಂಗಿಯ ಮೊತ್ತ ಏಳರಿಂದ ಎರಡಕ್ಕೆ ಇಳಿಯುತ್ತದೆ. ಡಾಕ್ಟರ್ ಹೇಳಿದ ದೊಡ್ಡ ಮಾತು ಇದು: ನೋವು ಇದೆಯೋ ಇಲ್ಲವೋ ಎಂದು ಅನುಮಾನವಿದ್ದರೆ ಮದ್ದು ಕೊಟ್ಟು ಮತ್ತೆ ಅದೇ ಕಿಂಡಿಯಿಂದ ನೋಡು, ಮುಖ ಬದಲಾದರೆ ಇದ್ದದ್ದು ನೋವೇ. ಮದ್ದಿನ ಕಸುವು ಇಳಿದ ಮೇಲೆ ಮೊತ್ತ ಎಷ್ಟಿದೆ ಎನ್ನುವುದರ ಮೇಲೆ ಹೊರಡಬೇಕೋ ಉಳಿಯಬೇಕೋ ಎಂಬ ತೀರ್ಮಾನ. ಇವತ್ತು ಮಧ್ಯಾಹ್ನಕ್ಕೆ ಆ ನೋಟ ಇತ್ತು.

ಕಿವಿ ಒಂದು. ಕಣ್ಣು ಒಂದು. ಮೂಗು ಸೊನ್ನೆ, ಹೌದು, ಸೊನ್ನೆಯೇ. ತುಟಿ ಒಂದು. ಕೆನ್ನೆ ಮಾತ್ರ ಉಳಿದಿತ್ತು. ಸೊನ್ನೆಯಾದರೆ ಮೂರು, ಅವಳು ಹೊರಡಬಹುದು. ಒಂದಾದರೆ ನಾಲ್ಕು. ಬೆಳಕು ಅಡ್ಡ ಬಿದ್ದಿತ್ತು. ಬಾಸಿಂಗಿ ಇಲ್ಲದೆ ಮುನ್ನೂರು ಕುರಿ ಮೊದಲನೆಯ ನೆರಳಿನ ಗೆರೆಯಲ್ಲೇ ನಿಂತು ಬಿಸಿಲಿಗೆ ಬೇಯುವುದು ನನ್ನ ಕಣ್ಣ ಮುಂದೆ ಬಂತು. ಹತ್ತನೆಯ ಇಯತ್ತೆ ಓದಿದವಳಿಗೆ ಒಂದನ್ನು ಸೊನ್ನೆ ಮಾಡುವುದು ಕಷ್ಟವಲ್ಲ. ಸೊನ್ನೆ ಬರೆದೆ. ಮೊತ್ತ ಮೂರು ಎಂದೂ ಬರೆದೆ. ಸಹಿ ಮಾಡಲು ಪೆನ್ನು ಇಟ್ಟವಳು ಮತ್ತೊಮ್ಮೆ ಕಿಂಡಿಗೆ ಬಾಗಿದೆ. ಅವಳು ಎಡಪಕ್ಕೆಯ ಕಡೆ ಕತ್ತು ತಿರುಗಿಸಿ ನೋಡುತ್ತಿದ್ದಳು, ಅಲ್ಲಿ ಯಾರೋ ನಿಂತಿದ್ದಾರೆ ಎಂಬ ಹಾಗೆ. ತಿರುಗಿದಾಗ ಬೆಳಕು ಮುಖದ ಮೇಲೆ ಸರಿಯಾಗಿ ಬಿತ್ತು. ಕೆನ್ನೆ ಚಪ್ಪಟೆಯಾಗಿತ್ತು. ಸೊನ್ನೆ ಹೊಡೆದುಹಾಕಿ ಒಂದು ಬರೆದೆ. ಹೊಡೆದುಹಾಕಿದ ಗುರುತು ಹಾಳೆಯ ಮೇಲೆ ಹಾಗೇ ಇದೆ. ಯಾರಾದರೂ ನೋಡಲಿ.

ಊಟದ ಹೊತ್ತಿಗೆ ನಾವು ಮಾತಾಡುವುದು ದೂರದ ಜಾಲಿಯ ಮರದ ಕೆಳಗೆ, ದೊಡ್ಡಿಗೆ ದನಿ ಮುಟ್ಟದ ಜಾಗದಲ್ಲಿ. ಲಗಮವ್ವ ರೊಟ್ಟಿ ತಂದಿದ್ದಳು. ಹಾಳೆ ಅವಳ ಕೈಗೆ ಕೊಟ್ಟೆ. ಹೊಡೆದುಹಾಕಿದ್ದನ್ನು ನೋಡಿ ಹಾಳೆ ನನಗೆ ಮರಳಿಸಿದಳು. ನಾನೇ ಕೇಳಿದೆ.

"ಹಿಂಡ ಯಾರ ಹಿಂದ ಹೋಗಬೇಕು ಈಗ?"

"ನಮ್ಮ ತವರಮನ್ಯಾಗ ಒಂದು ಹೋತ ಐತ್ರಿ. ನೆಳ್ಳು ಬಿಸಲು ಏನಕ್ಕೂ ಅಂಜೂದಿಲ್ಲ. ತರಾಕ ಹೇಳಿ ಕಳಿಸೇನಿ."

ನಮ್ಮ ಹಿಂಡಿನ ಮುಂದೆ ಮೇಕೆ. ಅದೂ ಹೋತ. ನನ್ನ ಅತ್ತೆ ಕೇಳಿದ್ದರೆ ಊಟ ಬಿಡುತ್ತಿದ್ದಳು. ಹೇಳಿ ಕಳಿಸೇನಿ ಎಂದರೆ ನಾನು ನಾಲ್ಕು ಬರೆಯುತ್ತೇನೆಂದು ಇವಳಿಗೆ ಮೊದಲೇ ಗೊತ್ತಿತ್ತೋ, ಮೂರು ಬರೆದರೂ ಬಿಡುವುದಿಲ್ಲ ಎಂದು ನಿರ್ಧರಿಸಿದ್ದಳೋ, ಕೇಳಲಿಲ್ಲ. ಆ ಹೋತ ಹೇಳಿದ ಮಾತು ಕೇಳುತ್ತದೆಯೇ ಎಂದಷ್ಟೇ ಕೇಳಿದೆ.

"ಯಾರ ಮಾತೂ ಕೇಳೂದಿಲ್ರಿ ಅದು. ಕಾಲಾಗ ಮುಳ್ಳ ನಟ್ರ ಊರೆಲ್ಲ ಎದ್ದ ಕುಂದರಬೇಕು, ಹಂಗ ಒದರ್ತೈತಿ. ಚಲೋ ಆತಲ್ರಿ, ನೋಡಾಕ ತಟ್ಟಿ ಕಟ್ಟೂದು ಬ್ಯಾಡ."

ನನಗೆ ನಗು ಬಂತು. ಬಹಳ ದಿನವಾಗಿತ್ತು. ನಕ್ಕ ಮೇಲೆ ಹೇಳಬೇಕಾದ್ದನ್ನು ಹೇಳಿದೆ. ಎರಡು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡದ್ದು, ಹೊರಗೆ ಬರುವಾಗ ಬಹಳ ಸಣ್ಣದಾಗಿತ್ತು.

"ಕಾಡಿಗಿ ವಿಷಯದಾಗ ನೀ ಹೇಳಿದ್ದು ಖರೆ ಇತ್ತು."

ಲಗಮವ್ವ ರೊಟ್ಟಿಯ ಬಟ್ಟೆ ಮಡಿಸುತ್ತಿದ್ದಳು. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು. ಆಮೇಲೆ ನನ್ನ ಮಂಡಿಯ ಕಡೆ ನೋಡಿ, ನೋವಿಳಿಕೆ ನಿಮಗೂ ಒಂದು ಹಾಕಿಸಲೇ ಎಂದು ಕೇಳಿದಳು. ಹಾಕಿಸು ಎಂದೆ. ಉಳಿಯಲಿ ಎಂದು ಸಹಿ ಮಾಡಿ ಕೊಟ್ಟೆ. ಬಾಸಿಂಗಿಯ ಜೊತೆ ನಾನೂ ಉಳಿಯುತ್ತೇನೆ, ನಡೆಗೆ ಹಿಂಡಗಿತ್ತಿ ನೀನು ಎಂದೆ. ಅವಳು ಬೇಡ ಎನ್ನಲಿಲ್ಲ. ಎಂದಿದ್ದರೆ ನನಗೆ ಬೇಸರವಾಗುತ್ತಿತ್ತು.

ಇಪ್ಪತ್ತೊಂದನೆಯ ದಿನ

ಹಿಂಡು ಹೋಯಿತು. ಸೂರ್ಯ ಮೂಡುವ ಮೊದಲೇ ಗಂಟೆಗಳ ಸದ್ದು ಕೇಳಿಸಿತು, ಆ ಹೋತ ಒದರುವುದೂ ಕೇಳಿಸಿತು. ನಾನು ಮದುವೆಯಾಗಿ ಬಂದ ಮೇಲೆ ನಾನಿಲ್ಲದೆ ಹಿಂಡು ನಡೆದದ್ದು ಇದೇ ಮೊದಲು. ಹೊರಗೆ ಹೋಗಿ ನೋಡುವ ಹಾಗಿರಲಿಲ್ಲ. ತಟ್ಟಿಯ ಹಿಂದೆ ಮಣೆ ಹಿಡಿದುಕೊಂಡು ಕೂತೆ. ಆಗ ಲಗಮವ್ವ ಕರೆದಳು. ಅವಳ ಕರೆ ನಾನು ಕೇಳಿರಲಿಲ್ಲ, ನಾನಿರುವಾಗ ಅವಳು ಕರೆಯುವ ಸಂದರ್ಭವೇ ಬಂದಿರಲಿಲ್ಲ. ನನ್ನದಕ್ಕಿಂತ ಮೆತ್ತಗಿದೆ, ಕೊನೆಯಲ್ಲಿ ಸ್ವಲ್ಪ ಎಳೆಯುತ್ತಾಳೆ. ಎಲ್ಲಿ ಅಭ್ಯಾಸ ಮಾಡಿದಳೋ.

ಬಾಸಿಂಗಿಗೆ ಎಲ್ಲ ಕೇಳಿಸಿತು. ಮಲಗಿದ್ದವಳು ಮುಂಗಾಲು ಊರಿ ಎದ್ದಳು. ಹಿಂಗಾಲು ಎತ್ತುವಾಗ ಪಕ್ಕೆ ನಡುಗಿತು. ಗೋಡೆಯವರೆಗೆ ಹೋಗಿ ಕಿವಿ ಮುಂದೆ ಚಾಚಿ ನಿಂತಳು. ನಾನು ಬಾಯಿ ತೆರೆದಿದ್ದರೆ, ಇಲ್ಲೇ ಇದ್ದೇನೆ ಮಗಳೇ ಎಂದು ಒಂದು ಸಲ ನಾಲಿಗೆ ಹೊಡೆದಿದ್ದರೆ, ನನ್ನ ಕಡೆ ಓಡಿ ಬರುತ್ತಿದ್ದಳು. ಹೊಲಿಗೆ ಒಳಗೆ ಹೇಗಿದೆಯೋ ಯಾರಿಗೂ ಗೊತ್ತಿಲ್ಲ. ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟುಕೊಂಡೆ. ಗಂಟೆಯ ಸದ್ದು ಹಲಗೆಗಳ ಕೆಳಗೆ ಹೋಗಿ ಅಡಗಿತು. ಮೊದಲನೆಯ ಗೆರೆಯಲ್ಲಿ ಸದ್ದು ಸ್ವಲ್ಪ ತಡೆದು ನಿಂತಿತು. ಮತ್ತೆ ಮುಂದಕ್ಕೆ ನಡೆಯಿತು. ದಾಟಿದರು.

ಬಾಸಿಂಗಿಯ ಮುಖ ಮತ್ತೆ ಬಿತ್ತು. ಐದು ಬರೆದೆ. ಡಾಕ್ಟರ್ ಹುಸೇನಬಿ ಹೋಗಿ ಸೂಜಿ ಹಾಕಿ, ಗಾಯದ ಸುತ್ತ ಅಂಗೈಯಿಂದ ಒತ್ತಿ ನೋಡಿ ಬಂದರು. ಒಳಗೆ ಸ್ವಲ್ಪ ಬಾವು ಇದೆ, ನಡೆದಿದ್ದರೆ ಬಿಡುತ್ತಿತ್ತು, ಹತ್ತು ದಿನ ಮಲಗಿದ್ದರೆ ಮಾಯುತ್ತದೆ ಎಂದು ಹಾಳೆಯ ಮೇಲೆ ಬರೆದು ತೋರಿಸಿದರು. ಒಂದು ಗಂಟೆ ಕಾದು ಮತ್ತೆ ನೋಡಬೇಕು. ಆ ಒಂದು ಗಂಟೆಯಲ್ಲಿ ನಿಮಗೆ ಹೇಳಬೇಕೆಂದಿದ್ದನ್ನು ಬರೆದು ಮುಗಿಸುತ್ತೇನೆ.

ನಿಮ್ಮ ಕಾಲದಲ್ಲೂ ಕುರಿ ಸಾಕುವವರಿದ್ದಾರೆ. ನೀವು ಅವರಲ್ಲಿ ಒಬ್ಬರಲ್ಲದಿದ್ದರೆ ಈ ಕಾಗದವನ್ನು ಅವರಿಗೆ ಕೊಡಿ. ಟಗರಿನ ಬೀಜ ತೆಗೆದ ಮೇಲೆ, ಬಾಲ ಕತ್ತರಿಸಿದ ಮೇಲೆ, ಹೊಟ್ಟೆ ಕೊಯ್ದು ಮರಿ ತೆಗೆದ ಮೇಲೆ ಕುರಿ ಸುಮ್ಮನೆ ನಿಂತಿದ್ದರೆ ನೋವಿಲ್ಲವೆಂದು ಹೋಗಿಬಿಡಬೇಡಿ. ಅರಚುವುದನ್ನು ಕಾಯಬೇಡಿ, ಅದು ಅರಚುವುದಿಲ್ಲ. ಹತ್ತಿರ ಹೋಗಿ ಕೇಳಬೇಡಿ, ಹತ್ತಿರ ಹೋದವರಿಗೆ ಅದು ಸುಳ್ಳು ಹೇಳುತ್ತದೆ. ಯಾರ ಮಾತಿಗೆ ಅದು ಬೆಲೆ ಕೊಡುತ್ತದೋ ಅವರಿಗೇ ದೊಡ್ಡ ಸುಳ್ಳು ಹೇಳುತ್ತದೆ. ಮರೆಗೆ ಸರಿಯಿರಿ. ಅರ್ಧ ಗಂಟೆ ನಿಮ್ಮ ಜಂಬವನ್ನು ಮಣೆಯ ಕೆಳಗಿಟ್ಟು ಕೂರಿ. ನಿಮ್ಮ ಮನೆಯ ಹಿರಿಯಳು ಇದನ್ನು ಓದಿ ನಗಬಹುದು, ನಗಲಿ, ನಾನೂ ನಕ್ಕವಳೇ. ನಿಮ್ಮ ಸೊಸೆ ಏನಾದರೂ ಕಂಡೆ ಎಂದರೆ ಹತ್ತು ಜನರ ಮುಂದೆ ಅವಳ ತವರಿನ ಮಾತು ಎತ್ತಬೇಡಿ. ನನ್ನ ಕೋರಿಕೆ ಇಷ್ಟೇ.

ಒಂದು ಗಂಟೆಯಾಯಿತು. ನೋಡಿದೆ. ಮುದಿ ಕುರಿಯ ಬೆನ್ನಿಗೆ ಒರಗಿ ಬಾಸಿಂಗಿ ಬಲಬದಿಗೆ ಮಲಗಿದ್ದಾಳೆ. ಕಿವಿ ಅಡ್ಡಕ್ಕೆ ಸಡಿಲವಾಗಿ ಬಿದ್ದಿವೆ, ಒಳಗಿನ ಕೆಂಪು ಕಾಣುತ್ತಿದೆ. ಗದ್ದ ಅಲುಗುತ್ತಿದೆ. ಕೊಯ್ದ ಮೇಲೆ ಮೊದಲ ಸಲ ಮೆಲುಕು ಹಾಕುತ್ತಿದ್ದಾಳೆ. ಮೊತ್ತ ಒಂದು, ಮತ್ತು ಈ ಒಂದು ಯಾರಿಗಾಗಿಯೂ ಹಾಕಿಕೊಂಡದ್ದಲ್ಲ. ನಾನು ಇಲ್ಲಿದ್ದೇನೆಂದು ಅವಳಿಗೆ ಗೊತ್ತಿಲ್ಲ. ಇನ್ನೂ ಹತ್ತು ದಿನ ಗೊತ್ತಾಗದ ಹಾಗೆ ನೋಡಿಕೊಳ್ಳುತ್ತೇನೆ.

ಜಕ್ಕವ್ವ